ಪುಣೆ ಮೆಟ್ರೋ: ಮಾರ್ಗದ ವಿನ್ಯಾಸದಲ್ಲಿ ಇನ್ನೂ ತಿದ್ದಬಹುದಾದ ಸಂಗತಿಗಳು

ಸೈಕಲ್ಲುಗಳ ಊರೆಂದು ಒಂದು ಕಾಲಕ್ಕೆ ಹೆಸರಾಗಿದ್ದ ಪುಣೆ, ದ್ವಿಚಕ್ರ ವಾಹನಗಳ ಊರಾಗಿ ಮಾರ್ಪಟ್ಟು ಬಹಳ ವರ್ಷಗಳು ಸಂದವು. ಈಗ ಅದು ಮೆಟ್ರೋ ರೈಲಿನ ಊರೂ ಆಗಿದೆ. ಹಲವು ದಶಕಗಳಿಂದ ಇಲ್ಲಿಯೇ ನೆಲೆಸಿ, ಮನೆಮಠ ಮಾಡಿಕೊಂಡು, ಮಕ್ಕಳನ್ನು ಇಲ್ಲಿಯೇ ಓದಿಸಿದ ನಮ್ಮ ಕನ್ನಡ ಕುಟುಂಬಗಳಿಗೆ ಇದು ಕೇವಲ ಸುದ್ದಿಯ ವಿಷಯವಲ್ಲ. ಮುಂದಿನ ಐವತ್ತು ವರ್ಷಗಳ ಕಾಲ ನಮ್ಮ ಮಕ್ಕಳು, ಮೊಮ್ಮಕ್ಕಳು ಶಾಲೆ, ಕಚೇರಿ, ಆಸ್ಪತ್ರೆಗಳಿಗೆ ಹೇಗೆ ಹೋಗುವರು ಎಂಬುದು ಈ ಮಾರ್ಗಗಳ ವಿನ್ಯಾಸವನ್ನು ಅವಲಂಬಿಸಿದೆ. ಆದ್ದರಿಂದ ಮೆಟ್ರೋ ಮಾರ್ಗವೊಂದರ ವಿನ್ಯಾಸವೆಂದರೇನು, ಪುಣೆಯಲ್ಲಿ ಅದು ಎಲ್ಲಿ ಸಫಲವಾಗಿದೆ, ಎಲ್ಲಿ ಕೊರತೆ ಉಳಿದಿದೆ, ಇನ್ನು ಮುಂದಾದರೂ ಏನನ್ನು ಸರಿಪಡಿಸಿಕೊಳ್ಳಬಹುದು ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಇದುವರೆಗಿನ ಕಥೆ

ದೆಹಲಿ ಮೆಟ್ರೋ ನಿಗಮವು ಪುಣೆಗಾಗಿ ಯೋಜನಾ ವರದಿಯನ್ನು ಸಿದ್ಧಪಡಿಸಿದ್ದು 2009ರ ಸುಮಾರಿಗೆ. ಮಾರ್ಗವು ನೆಲದಡಿಯಲ್ಲಿ ಸಾಗಬೇಕೋ ಕಂಬಗಳ ಮೇಲೆ ಸಾಗಬೇಕೋ ಎಂಬ ವಾದವಿವಾದದಲ್ಲಿಯೇ ಹಲವು ವರ್ಷಗಳು ಕಳೆದುಹೋದವು. ಕೊನೆಗೆ 2016ರ ಡಿಸೆಂಬರ್ 24ರಂದು ಶಂಕುಸ್ಥಾಪನೆಯಾಯಿತು. ನಿರ್ಮಾಣದ ಹೊಣೆಯನ್ನು ಮಹಾರಾಷ್ಟ್ರ ಮೆಟ್ರೋ ರೈಲು ನಿಗಮ, ಅಂದರೆ ಮಹಾಮೆಟ್ರೋ, ವಹಿಸಿಕೊಂಡಿತು. 2022ರ ಮಾರ್ಚ್ 6ರಂದು ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯಿಂದ ಫುಗೇವಾಡಿಯವರೆಗೆ ಹಾಗೂ ವನಾಜ್‌ನಿಂದ ಗರವಾರೆ ಕಾಲೇಜಿನವರೆಗೆ, ಒಟ್ಟು ಸುಮಾರು 12 ಕಿಲೋಮೀಟರ್ ದೂರ, ಮೊದಲ ಗಾಡಿಗಳು ಓಡಿದವು. 2023ರ ಆಗಸ್ಟ್‌ನಲ್ಲಿ ಇವೆರಡೂ ಸಿವಿಲ್ ಕೋರ್ಟ್‌ನಲ್ಲಿ ಸಂಧಿಸಿದವು. 2024ರ ಮಾರ್ಚ್‌ನಲ್ಲಿ ಮಾರ್ಗ ರಾಮವಾಡಿಯನ್ನೂ, ಅದೇ ವರ್ಷದ ಸೆಪ್ಟೆಂಬರ್ 29ರಂದು ನೆಲದಡಿಯ ಮಾರ್ಗ ಸ್ವಾರಗೇಟನ್ನೂ ಮುಟ್ಟಿತು.

ಹೀಗೆ ಮೊದಲ ಹಂತದ ಎರಡು ಮಾರ್ಗಗಳು ಪೂರ್ಣಗೊಂಡವು. ಪಿಂಪ್ರಿಯಿಂದ ಸ್ವಾರಗೇಟ್‌ಗೆ ಉತ್ತರ-ದಕ್ಷಿಣವಾಗಿ ಸುಮಾರು 17 ಕಿಲೋಮೀಟರ್, 14 ನಿಲ್ದಾಣಗಳು. ವನಾಜ್‌ನಿಂದ ರಾಮವಾಡಿಗೆ ಪಶ್ಚಿಮ-ಪೂರ್ವವಾಗಿ ಸುಮಾರು 16 ಕಿಲೋಮೀಟರ್, 16 ನಿಲ್ದಾಣಗಳು. ಇವಲ್ಲದೆ ಹಿಂಜವಡಿಯಿಂದ ಶಿವಾಜಿನಗರಕ್ಕೆ 23 ಕಿಲೋಮೀಟರ್ ಉದ್ದದ, 23 ನಿಲ್ದಾಣಗಳ ಮೂರನೆಯ ಮಾರ್ಗವನ್ನು ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಖಾಸಗಿ ಸಹಭಾಗಿತ್ವದಲ್ಲಿ ಕೈಗೆತ್ತಿಕೊಂಡಿತು.

ರೈಲಿನೊಳಗಿನ ಸಮಯ, ರೈಲಿನ ಹೊರಗಿನ ಸಮಯ

ಮೆಟ್ರೋ ಎಂದೊಡನೆ ನಮ್ಮ ಗಮನ ಹರಿಯುವುದು ಗಾಡಿಯ ವೇಗದ ಕಡೆಗೆ. ಆದರೆ ಪ್ರಯಾಣಿಕನ ಲೆಕ್ಕವೇ ಬೇರೆ. ಅವನಿಗೆ ಬೇಕಾದುದು ಮನೆಯ ಬಾಗಿಲಿನಿಂದ ತಲುಪಬೇಕಾದ ಬಾಗಿಲಿನವರೆಗಿನ ಒಟ್ಟು ಸಮಯ. ಕೋಥರೂಡಿನ ಒಂದು ಮನೆಯಿಂದ ಸ್ವಾರಗೇಟ್ ಬಳಿಯ ಒಂದು ಕಚೇರಿಗೆ ಹೋಗುವುದನ್ನು ಅಂದಾಜಾಗಿ ಲೆಕ್ಕ ಹಾಕೋಣ. ಮನೆಯಿಂದ ನಿಲ್ದಾಣಕ್ಕೆ ನಡಿಗೆ 10 ನಿಮಿಷ. ಗಾಡಿಗಾಗಿ ಕಾಯುವುದು 5 ನಿಮಿಷ. ವನಾಜ್ ಕಡೆಯಿಂದ ಸಿವಿಲ್ ಕೋರ್ಟ್‌ವರೆಗೆ ಪ್ರಯಾಣ 15 ನಿಮಿಷ. ಅಲ್ಲಿ ಒಂದು ಮಾರ್ಗದಿಂದ ಇಳಿದು ಇನ್ನೊಂದಕ್ಕೆ ಹೋಗುವುದು 6 ನಿಮಿಷ. ಮತ್ತೆ ಕಾಯುವುದು 5 ನಿಮಿಷ. ಸ್ವಾರಗೇಟ್‌ವರೆಗೆ 8 ನಿಮಿಷ. ಅಲ್ಲಿಂದ ಮೇಲೆ ಬಂದು ಕಚೇರಿಗೆ ನಡಿಗೆ 10 ನಿಮಿಷ. ಒಟ್ಟು 59 ನಿಮಿಷಗಳಲ್ಲಿ ಗಾಡಿಯೊಳಗೆ ಕಳೆದದ್ದು 23 ನಿಮಿಷ. ಹೊರಗೆ ಕಳೆದದ್ದು 36 ನಿಮಿಷ.

ಗಾಡಿಯ ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಲು ಭಾರಿ ಖರ್ಚು ಮಾಡಿದರೂ ಇಲ್ಲಿ ಉಳಿಯುವುದು ಎರಡು ನಿಮಿಷ. ಅದೇ ನಡಿಗೆಯ ದಾರಿಯನ್ನು ನೇರಗೊಳಿಸಿದರೆ, ಮಾರ್ಗ ಬದಲಿಸುವುದನ್ನು ಸುಲಭಗೊಳಿಸಿದರೆ, ಗಾಡಿಗಳ ನಡುವಿನ ಅಂತರವನ್ನು ತಗ್ಗಿಸಿದರೆ ಹತ್ತು ಹದಿನೈದು ನಿಮಿಷಗಳನ್ನು ಉಳಿಸಬಹುದು. ಮಾರ್ಗದ ವಿನ್ಯಾಸವನ್ನು ಉತ್ತಮಪಡಿಸುವುದೆಂದರೆ ಮುಖ್ಯವಾಗಿ ಈ ಹೊರಗಿನ ನಿಮಿಷಗಳನ್ನು ಕಡಿಮೆ ಮಾಡುವುದು. ಸ್ಕೂಟರನ್ನು ಮನೆಯಲ್ಲಿಯೇ ಬಿಟ್ಟು ಮೆಟ್ರೋ ಹತ್ತಬೇಕೋ ಬೇಡವೋ ಎಂಬುದನ್ನು ಜನ ನಿರ್ಧರಿಸುವುದು ಈ ನಿಮಿಷಗಳನ್ನು ನೋಡಿಯೇ.

ನಿಲ್ದಾಣಗಳ ನಡುವಿನ ಅಂತರ

ನಿಲ್ದಾಣಗಳು ತೀರ ಹತ್ತಿರವಿದ್ದರೆ ಗಾಡಿ ವೇಗ ಪಡೆಯುವ ಮೊದಲೇ ನಿಲ್ಲಬೇಕಾಗುತ್ತದೆ. ವೇಗ ತಗ್ಗಿಸುವುದು, ನಿಲ್ಲುವುದು, ಮತ್ತೆ ವೇಗ ಪಡೆಯುವುದು ಇವೆಲ್ಲ ಸೇರಿ ಪ್ರತಿ ನಿಲುಗಡೆಗೆ ಹೆಚ್ಚುಕಡಿಮೆ ಒಂದು ನಿಮಿಷ ಖರ್ಚಾಗುತ್ತದೆ. ತೀರ ದೂರವಿದ್ದರೆ ನಡುವಿನ ಬಡಾವಣೆಗಳ ಜನರಿಗೆ ಮಾರ್ಗವು ಕಣ್ಣಿಗೆ ಕಂಡರೂ ಕೈಗೆಟುಕದು. ಒಬ್ಬ ಮನುಷ್ಯ ಹತ್ತು ನಿಮಿಷದಲ್ಲಿ ನಡೆಯಬಲ್ಲ ದೂರ 800 ಮೀಟರ್. ಹಿರಿಯರಿಗೆ ಅದು 500 ಮೀಟರ್ ಎನ್ನಬಹುದು. ವನಾಜ್-ರಾಮವಾಡಿ ಮಾರ್ಗದಲ್ಲಿ ನಿಲ್ದಾಣಗಳ ಸರಾಸರಿ ಅಂತರ ಸುಮಾರು 1 ಕಿಲೋಮೀಟರ್. ಹಿಂಜವಡಿ ಮಾರ್ಗದಲ್ಲಿಯೂ ಅಷ್ಟೇ. ಪಿಂಪ್ರಿ-ಸ್ವಾರಗೇಟ್ ಮಾರ್ಗದಲ್ಲಿ ಸ್ವಲ್ಪ ಹೆಚ್ಚು. ದಟ್ಟವಾದ ವಸತಿಯ ಪ್ರದೇಶಕ್ಕೆ ಈ ಅಂತರ ತಕ್ಕುದಾಗಿದೆ.

ಈ ಲೆಕ್ಕ ತಪ್ಪಿದ ಮಾರ್ಗವೆಂದರೆ ಸ್ವಾರಗೇಟ್‌ನಿಂದ ಕಾತ್ರಜಕ್ಕೆ ಯೋಜಿಸಿದ ವಿಸ್ತರಣೆ. ನೆಲದಡಿಯಲ್ಲಿ ಸಾಗುವ ಈ 5.46 ಕಿಲೋಮೀಟರ್ ಮಾರ್ಗಕ್ಕೆ ಕೇಂದ್ರ ಸಂಪುಟವು 2024ರ ಆಗಸ್ಟ್‌ನಲ್ಲಿ 2,954 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಪ್ಪಿಗೆ ನೀಡಿದಾಗ ಅದರಲ್ಲಿದ್ದುದು ಮೂರೇ ನಿಲ್ದಾಣಗಳು. ಎಂದರೆ ಸರಾಸರಿ 1.8 ಕಿಲೋಮೀಟರಿಗೆ ಒಂದು. ಸಾತಾರಾ ರಸ್ತೆಯ ಎರಡೂ ಬದಿಗೆ ಜನ ಕಿಕ್ಕಿರಿದು ವಾಸಿಸುವ ಪ್ರದೇಶವಿದು. ಎರಡು ನಿಲ್ದಾಣಗಳ ನಟ್ಟನಡುವೆ ಮನೆಯಿದ್ದವರು ರಸ್ತೆಗುಂಟವೇ 900 ಮೀಟರ್ ನಡೆಯಬೇಕು. ಒಳಗಿನ ಗಲ್ಲಿಗಳಲ್ಲಿರುವವರು ಅದಕ್ಕಿಂತಲೂ ಹೆಚ್ಚು. ಇನ್ನೂ ನಿಲ್ದಾಣಗಳು ಬೇಕೆಂಬ ಬೇಡಿಕೆ ಎದ್ದಿತು. 2025ರಲ್ಲಿ ರಾಜ್ಯ ಸಂಪುಟವು ಬಾಲಾಜಿನಗರ ಮತ್ತು ಬಿಬವೇವಾಡಿ ಎಂಬ ಇನ್ನೆರಡು ನಿಲ್ದಾಣಗಳನ್ನು ಸೇರಿಸಲು ಒಪ್ಪಿತು. ಐದು ನಿಲ್ದಾಣಗಳಾದಾಗ ಸರಾಸರಿ ಅಂತರ 1.1 ಕಿಲೋಮೀಟರಿಗೆ ಇಳಿಯುತ್ತದೆ.

ಈ ತಿದ್ದುಪಡಿಗೆ ನೂರಾರು ಕೋಟಿ ರೂಪಾಯಿಗಳ ಹೆಚ್ಚುವರಿ ಹಣ ಬೇಕು, ನಿಜ. ಆದರೆ ಸುರಂಗ ಕೊರೆದು ಗಾಡಿ ಓಡಲಾರಂಭಿಸಿದ ಮೇಲೆ ನಡುವೆ ಒಂದು ನಿಲ್ದಾಣವನ್ನು ತೂರಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಕಾಗದದ ಮೇಲಿರುವಾಗಲೇ ಜನ ಮಾತನಾಡಿದ್ದರಿಂದ ಇದು ಸಾಧ್ಯವಾಯಿತು.

ಮಾರ್ಗ ಎಲ್ಲಿ ಬಾಗುತ್ತದೆ, ಏಕೆ ಬಾಗುತ್ತದೆ

ನಕ್ಷೆಯ ಮೇಲೆ ಸರಳರೇಖೆ ಎಳೆಯುವುದು ಸುಲಭ. ಹಳೆಯ ನಗರದಲ್ಲಿ ಹಾಗೆ ಹಳಿ ಹಾಕಲಾಗದು. ವನಾಜ್-ರಾಮವಾಡಿ ಮಾರ್ಗವು ಯೆರವಡಾ ದಾಟಿದ ಮೇಲೆ ನಗರ ರಸ್ತೆಯಲ್ಲಿಯೇ ನೇರವಾಗಿ ಸಾಗದೆ ಕಲ್ಯಾಣಿನಗರದೊಳಗೆ ಹೊರಳಿ ಮತ್ತೆ ಹೊರಬರುತ್ತದೆ. ಇದಕ್ಕೆ ಕಾರಣ ಆಗಾಖಾನ್ ಅರಮನೆ. ಗಾಂಧೀಜಿಯವರನ್ನು ಬಂಧನದಲ್ಲಿರಿಸಿದ್ದ, ಕಸ್ತೂರಬಾ ಅವರು 1944ರಲ್ಲಿ ಕೊನೆಯುಸಿರೆಳೆದ ಈ ತಾಣ ರಾಷ್ಟ್ರೀಯ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ ರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ. ಆದ್ದರಿಂದ ಮಾರ್ಗವನ್ನು ಬದಲಿಸಬೇಕಾಯಿತು. ತಿರುವುಗಳಲ್ಲಿ ಗಾಡಿ ವೇಗ ತಗ್ಗಿಸಬೇಕು. ಚಕ್ರವೂ ಹಳಿಯೂ ಹೆಚ್ಚು ಸವೆಯುತ್ತವೆ. ಆದರೂ ಇತಿಹಾಸಕ್ಕಾಗಿ ತೆತ್ತ ಈ ಬೆಲೆಯನ್ನು ಯಾರೂ ಆಕ್ಷೇಪಿಸಲಾರರು. ಕಲ್ಯಾಣಿನಗರದ ಜನರಿಗೆ ಒಂದು ನಿಲ್ದಾಣವೂ ದೊರೆಯಿತು.

ಇನ್ನೊಂದು ಬಾಗು ಇಷ್ಟು ಸರಳವಲ್ಲ. ಡೆಕ್ಕನ್ ಜಿಮಖಾನಾದಿಂದ ಮಹಾನಗರಪಾಲಿಕೆಯವರೆಗೆ ಮಾರ್ಗವು ಜನನಿಬಿಡವಾದ ಜಂಗ್ಲಿ ಮಹಾರಾಜ ರಸ್ತೆಯನ್ನು ಬಿಟ್ಟು ಅದರ ಹಿಂಬದಿಯಲ್ಲಿ ಮುಠಾ ನದಿಯ ಪಾತ್ರದ ಅಂಚಿನಲ್ಲಿ ಸಾಗುತ್ತದೆ. ನದಿಯ ಪಾತ್ರದಲ್ಲಿ ಕಂಬಗಳನ್ನು ನಿಲ್ಲಿಸುವುದರಿಂದ ನೆರೆಯ ನೀರಿಗೆ ತಡೆಯಾಗುವುದೆಂದು ಪರಿಸರಾಸಕ್ತರು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋದರು. 1961ರಲ್ಲಿ ಪಾನಶೇತ ಅಣೆಕಟ್ಟು ಒಡೆದಾಗಿನ ಪ್ರಳಯವನ್ನು ಕಂಡ ಊರಿನಲ್ಲಿ ಈ ಆತಂಕ ಸಹಜವಾದದ್ದು. ಕಾಮಗಾರಿಯೇನೋ ಮುಂದುವರಿದು ಮಾರ್ಗ ಪೂರ್ಣಗೊಂಡಿತು. ಆದರೆ ಪ್ರಯಾಣಿಕನ ದೃಷ್ಟಿಯಿಂದ ನೋಡಿದರೆ ನಿಲ್ದಾಣಗಳು ಅಂಗಡಿ, ಕಚೇರಿ, ಹೋಟೆಲುಗಳ ಬೀದಿಗೆ ಬೆನ್ನು ತಿರುಗಿಸಿ ನಿಂತಂತಾಯಿತು. ನದಿಯ ಆಚೆ ದಡದಲ್ಲಿರುವ ನಾರಾಯಣ ಪೇಠ, ಶನಿವಾರ ಪೇಠಗಳು ಕೂಗಳತೆಯಲ್ಲಿದ್ದರೂ ನಡುವೆ ನೀರಿದೆ.

ಈ ಕೊರತೆಯನ್ನು ನೀಗಿಸಲೆಂದೇ ಡೆಕ್ಕನ್ ಮತ್ತು ಸಂಭಾಜಿ ಉದ್ಯಾನ ನಿಲ್ದಾಣಗಳಿಂದ ಪೇಠಗಳ ಕಡೆಗೆ ಪಾದಚಾರಿ ಸೇತುವೆಗಳನ್ನು ಯೋಜಿಸಲಾಯಿತು. ಈ ಎರಡು ನಿಲ್ದಾಣಗಳ ಚಾವಣಿಗೆ ಪಗಡಿಯ ಆಕಾರವಿತ್ತು ಪುಣೇರಿ ಸೊಬಗನ್ನು ತಂದಿದ್ದಾರೆ, ನೋಡಲು ಚೆನ್ನಾಗಿದೆ. ಆದರೆ ಉಪಯೋಗದ ತಕ್ಕಡಿಯಲ್ಲಿ ತೂಗಿದರೆ ಆ ಪಗಡಿಗಿಂತ ಈ ಕಾಲುಸೇತುವೆಗಳದೇ ಹೆಚ್ಚು ತೂಕ. ಲಕ್ಷ್ಮೀ ರಸ್ತೆಗೆ ಸೀರೆ ಕೊಳ್ಳಲು ಹೋಗುವ ಗೃಹಿಣಿಗೂ, ಅಪ್ಪಾ ಬಳವಂತ ಚೌಕಕ್ಕೆ ಪುಸ್ತಕಕ್ಕಾಗಿ ಹೋಗುವ ವಿದ್ಯಾರ್ಥಿಗೂ ಮೆಟ್ರೋ ನಿಜವಾಗಿ ದೊರಕುವುದು ಇಂಥ ಸೇತುವೆಗಳಿಂದ. ನಿಲ್ದಾಣ ಕಟ್ಟುವಾಗಲೇ ಇವನ್ನೂ ಅದರ ಅಂಗವೆಂದು ಕಟ್ಟಿ ಮುಗಿಸುವುದು ಯೋಗ್ಯ ಪದ್ಧತಿ.

ಸಂಧಿಸ್ಥಾನಗಳು

ಸಿವಿಲ್ ಕೋರ್ಟ್, ಈಗ ಜಿಲ್ಲಾ ನ್ಯಾಯಾಲಯವೆಂದು ಕರೆಯಲಾಗುವ ನಿಲ್ದಾಣ, ಪುಣೆ ಮೆಟ್ರೋದ ಹೃದಯಸ್ಥಾನ. ಇಲ್ಲಿ ಒಂದು ಮಾರ್ಗ ಕಂಬಗಳ ಮೇಲಿದೆ, ಇನ್ನೊಂದು ನೆಲದಿಂದ ಸುಮಾರು 33 ಮೀಟರ್ ಆಳದಲ್ಲಿದೆ. ಹತ್ತು ಅಂತಸ್ತಿನ ಕಟ್ಟಡವನ್ನು ನೆಲದೊಳಗೆ ಇಳಿಸಿದಷ್ಟು ಆಳವಿದು. ಮುಠಾ ನದಿಯ ಕೆಳಗೆ ಸುರಂಗ ಹಾಯಬೇಕಾದುದರಿಂದ ಈ ಆಳ ಅನಿವಾರ್ಯ. ಹಿಂಜವಡಿ ಮಾರ್ಗದ ಕೊನೆಯ ನಿಲ್ದಾಣವೂ ಇಲ್ಲಿಯೇ. ಮೂರು ಮಾರ್ಗಗಳ ಜನ ಇಳಿದು ಹತ್ತುವ ಇಂಥ ಸ್ಥಳದಲ್ಲಿ ಎಸ್ಕಲೇಟರ್ ಒಂದು ಕೆಟ್ಟರೂ ಮಂಡಿನೋವಿನ ಹಿರಿಯರಿಗೆ ಮೆಟ್ರೋ ಮುಚ್ಚಿದಂತೆಯೇ. ಲಿಫ್ಟುಗಳ ಸಂಖ್ಯೆ, ಅವುಗಳ ನಿರ್ವಹಣೆ, ಸ್ಪಷ್ಟವಾದ ದಿಕ್ಸೂಚಿ ಫಲಕಗಳು ಇವು ಇಲ್ಲಿ ಅಲಂಕಾರವಲ್ಲ, ಅವಶ್ಯಕತೆ. ಹಿಂಜವಡಿ ಮಾರ್ಗವನ್ನು ನಡೆಸುವ ಸಂಸ್ಥೆ ಬೇರೆಯಾದುದರಿಂದ ಪ್ರಯಾಣಿಕನು ಒಂದು ದ್ವಾರದಿಂದ ಹೊರಬಂದು ಇನ್ನೊಂದು ದ್ವಾರಕ್ಕೆ ಸರತಿ ನಿಲ್ಲದಂತೆ, ಒಂದೇ ಟಿಕೆಟ್ಟಿನಲ್ಲಿ ಮುಂದುವರಿಯುವಂತೆ ಮಾಡುವುದೂ ವಿನ್ಯಾಸದ ಭಾಗವೇ. 2019ರಲ್ಲಿ ದೇಶಕ್ಕೆಲ್ಲ ಒಂದೇ ಎಂದು ಜಾರಿಗೆ ಬಂದ ರಾಷ್ಟ್ರೀಯ ಸಂಚಾರ ಕಾರ್ಡ್ ಇದಕ್ಕೆ ಹೇಳಿ ಮಾಡಿಸಿದ ಸಾಧನ.

ಸ್ವಾರಗೇಟ್ ನಮ್ಮವರಿಗೆ ಚಿರಪರಿಚಿತ. ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ಬಸ್ಸಿನಲ್ಲಿ ಬರುವ ಬಂಧುಬಳಗ ಇಳಿಯುವ ಸ್ಥಳವದು. ರಾಜ್ಯ ಸಾರಿಗೆ ಬಸ್ಸು, ನಗರದ ಬಸ್ಸು, ಮೆಟ್ರೋ ಮೂರೂ ಒಂದೆಡೆ ಕೂಡುವಂತೆ ಅಲ್ಲಿ ಯೋಜಿಸಿರುವುದು ಸರಿಯಾದ ಕ್ರಮ. ಇದಕ್ಕೆ ವ್ಯತಿರಿಕ್ತವಾದ ಅನುಭವ ಶಿವಾಜಿನಗರದ್ದು. ಮೆಟ್ರೋ ನಿಲ್ದಾಣದ ಕಾಮಗಾರಿಗೆಂದು ಅಲ್ಲಿಯ ಬಸ್ ನಿಲ್ದಾಣವನ್ನು 2019ರ ಕೊನೆಯಲ್ಲಿ ವಾಕಡೇವಾಡಿಗೆ ಸ್ಥಳಾಂತರಿಸಲಾಯಿತು. ಮೆಟ್ರೋ ನಿಲ್ದಾಣ 2023ರಲ್ಲಿ ತೆರೆದರೂ, 2025ರಲ್ಲಿಯೂ ಬಸ್ ನಿಲ್ದಾಣ ಮೂಲ ಸ್ಥಳಕ್ಕೆ ಮರಳಿರಲಿಲ್ಲ. ಮೆಟ್ರೋವನ್ನೂ ಬಸ್ಸನ್ನೂ ಕೂಡಿಸಬೇಕಾದ ಯೋಜನೆ ಅವೆರಡನ್ನೂ ವರ್ಷಗಟ್ಟಲೆ ಅಗಲಿಸಿತು. ಖಡಕಿ ನಿಲ್ದಾಣದ್ದೂ ಇಂಥದೇ ಕಥೆ: 2023ರಿಂದ ಗಾಡಿಗಳು ನಿಲ್ಲದೆ ಅದನ್ನು ದಾಟಿಹೋಗುತ್ತಿದ್ದವು, ನಿಲ್ದಾಣ ತೆರೆದದ್ದು 2025ರಲ್ಲಿ.

ರಸ್ತೆ, ಸೇತುವೆ ಮತ್ತು ಕಂಬ

ಮೆಟ್ರೋ ಕಂಬಗಳು ನಿಲ್ಲುವುದು ರಸ್ತೆಯ ಮೇಲೆಯೇ. ಆದ್ದರಿಂದ ರಸ್ತೆಯ ಮೇಲ್ಸೇತುವೆಯನ್ನೂ ಮೆಟ್ರೋ ಮಾರ್ಗವನ್ನೂ ಒಟ್ಟಿಗೆ ಯೋಚಿಸಬೇಕು. ಇದಕ್ಕೆ ಪುಣೆಯಲ್ಲಿಯೇ ಎರಡು ಪಾಠಗಳಿವೆ. ಕರ್ವೆ ರಸ್ತೆಯ ನಳ ಸ್ಟಾಪ್ ಬಳಿ ಒಂದೇ ಸಾಲಿನ ಕಂಬಗಳ ಮೇಲೆ ಕೆಳಗೆ ವಾಹನಗಳ ಸೇತುವೆ, ಅದರ ಮೇಲೆ ಮೆಟ್ರೋ ಹೀಗೆ ಎರಡಂತಸ್ತಿನ ರಚನೆ 2022ರಲ್ಲಿ ಬಳಕೆಗೆ ಬಂದಿತು. ಗಣೇಶನಗರದ ನಮ್ಮ ಕನ್ನಡ ಶಾಲೆಯ ಕಡೆಗೆ ಹೋಗುವವರು ನಿತ್ಯವೂ ನೋಡುವ ರಚನೆಯಿದು. ಪುಣೆ ವಿದ್ಯಾಪೀಠದ ಚೌಕದಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಲ್ಲಿ ಕಟ್ಟಿದ್ದ ಮೇಲ್ಸೇತುವೆಗಳಿಗೆ ಎರಡು ದಶಕ ತುಂಬುವ ಮೊದಲೇ, ಹಿಂಜವಡಿ ಮೆಟ್ರೋಗೆ ಅಡ್ಡಿಯಾಗುವುವೆಂದು 2020ರಲ್ಲಿ ಅವನ್ನು ಕೆಡವಲಾಯಿತು. ಅದೇ ಸ್ಥಳದಲ್ಲಿ ಮತ್ತೆ ಎರಡಂತಸ್ತಿನ ಸೇತುವೆ ಕಟ್ಟಬೇಕಾಯಿತು. ಕಟ್ಟಿದ ಹಣವೂ ಹೋಯಿತು, ಕೆಡವಿದ ಹಣವೂ ಹೋಯಿತು. ಔಂಧ, ಬಾಣೇರ, ಪಾಷಾಣಗಳ ಜನ ವರ್ಷಗಟ್ಟಲೆ ವಾಹನ ದಟ್ಟಣೆಯಲ್ಲಿ ಕಳೆದ ಸಮಯದ ಲೆಕ್ಕವನ್ನಂತೂ ಯಾವ ಖಾತೆಯಲ್ಲಿಯೂ ಬರೆದಿಟ್ಟಿಲ್ಲ.

ಬೆಂಗಳೂರಿನಿಂದ ಕಲಿಯಬಹುದಾದದ್ದು

ನಮ್ಮ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಆರಂಭವಾದಾಗ ಗಾಡಿಗಳಿಗಿದ್ದುದು ಮೂರು ಬೋಗಿಗಳು. ಆದರೆ ಪ್ಲಾಟ್‌ಫಾರ್ಮುಗಳನ್ನು ಆರು ಬೋಗಿಗಳಿಗೆ ಸಾಲುವಷ್ಟು ಉದ್ದವಾಗಿ ಕಟ್ಟಲಾಗಿತ್ತು. ಜನಸಂದಣಿ ಬೆಳೆದಾಗ, 2018ರ ಜೂನ್‌ನಲ್ಲಿ, ಆರು ಬೋಗಿಗಳ ಗಾಡಿಯನ್ನು ಓಡಿಸಲು ಗೋಡೆಯೊಂದನ್ನೂ ಒಡೆಯಬೇಕಾಗಲಿಲ್ಲ. ಮುಂದಾಲೋಚನೆಯ ಫಲವಿದು. ಪುಣೆಯಲ್ಲಿಯೂ ಮೂರು ಬೋಗಿಗಳಿಂದಲೇ ಆರಂಭ. ಹೊಸ ಮಾರ್ಗಗಳ ನಿಲ್ದಾಣಗಳನ್ನು, ಅದರಲ್ಲೂ ನೆಲದಡಿಯವನ್ನು, ಬೆಳೆಯಲು ಅವಕಾಶವಿರುವಂತೆ ಕಟ್ಟುವುದು ವಿವೇಕ.

ಬೆಂಗಳೂರು ಕಲಿಸಿದ ಇನ್ನೊಂದು ಪಾಠ ಕಹಿಯಾದದ್ದು. 2023ರ ಮಾರ್ಚ್‌ನಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್ ಕಡೆಗೆ ಮಾರ್ಗ ತೆರೆದರೂ, ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವಿನ ಎರಡು ಕಿಲೋಮೀಟರ್ ಮಾತ್ರ ಕೂಡಿರಲಿಲ್ಲ. ಅಕ್ಟೋಬರ್‌ನಲ್ಲಿ ಅದು ಕೂಡುವವರೆಗೆ ಜನ ಮೆಟ್ರೋ ಇಳಿದು, ಬಸ್ಸು ಹತ್ತಿ, ಮತ್ತೆ ಮೆಟ್ರೋ ಏರಬೇಕಾಯಿತು. ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೆ ಉಳಿದ ಕೊಂಡಿಗಳ ಬಲದಿಂದ ಪ್ರಯೋಜನವಿಲ್ಲ.

ಫುಟ್‌ಪಾತ್ ಮತ್ತು ಬಸ್ಸು

ಪುಣೆಗೆ ತನ್ನದೇ ಆದ ಹಳೆಯ ಪಾಠವೂ ಒಂದಿದೆ. ಬಸ್ಸುಗಳಿಗೆ ಪ್ರತ್ಯೇಕ ಪಥ ನೀಡುವ ಬಿಆರ್‌ಟಿ ಯೋಜನೆಯನ್ನು ದೇಶದಲ್ಲಿಯೇ ಮೊದಲಿಗೆ, 2006ರ ಡಿಸೆಂಬರ್‌ನಲ್ಲಿ, ಕಾತ್ರಜ-ಸ್ವಾರಗೇಟ್-ಹಡಪಸರ ಮಾರ್ಗದಲ್ಲಿ ಆರಂಭಿಸಿದ್ದು ಈ ಊರು. ನಿಲ್ದಾಣಗಳು ರಸ್ತೆಯ ನಡುವೆ. ಅಲ್ಲಿಗೆ ಹೋಗಲು ಧಾವಿಸುವ ವಾಹನಗಳ ನಡುವೆ ದಾಟಬೇಕು. ಪಥವೇನೋ ಇತ್ತು, ಪಥದವರೆಗೆ ಸುರಕ್ಷಿತವಾದ ಹಾದಿ ಇರಲಿಲ್ಲ. ಮೆಟ್ರೋದಲ್ಲಿ ಇದೇ ತಪ್ಪು ಮರುಕಳಿಸಬಾರದು. ಪ್ರತಿ ನಿಲ್ದಾಣದ ಸುತ್ತ ಕನಿಷ್ಠ 500 ಮೀಟರ್‌ವರೆಗೆ ಒಡೆದ ಕಲ್ಲುಗಳಿಲ್ಲದ, ನಿಲ್ಲಿಸಿದ ಸ್ಕೂಟರುಗಳಿಲ್ಲದ, ರಾತ್ರಿ ದೀಪವಿರುವ ಫುಟ್‌ಪಾತ್. ರಸ್ತೆಯ ಎರಡೂ ಬದಿಗೆ ಪ್ರವೇಶದ್ವಾರ. ಗಾಡಿಯ ವೇಳೆಗೆ ಹೊಂದುವ ಸಣ್ಣ ಬಸ್ಸುಗಳು. ರಿಕ್ಷಾ ನಿಲ್ಲಲು ಗೊತ್ತಾದ ಸ್ಥಳ. ಇವುಗಳಿಗೆ ತಗಲುವ ವೆಚ್ಚ ಒಂದು ನಿಲ್ದಾಣದ ವೆಚ್ಚದ ಮುಂದೆ ಅತ್ಯಲ್ಪ. ಆದರೆ ಹಳಿಯ ಹೊಣೆ ಮೆಟ್ರೋ ನಿಗಮದ್ದು, ಫುಟ್‌ಪಾತಿನ ಹೊಣೆ ಪಾಲಿಕೆಯದು, ಬಸ್ಸಿನ ಹೊಣೆ ಪಿಎಂಪಿಎಂಎಲ್‌ನದು ಎಂದು ಹಂಚಿಹೋಗಿರುವುದರಿಂದ ಎಲ್ಲರ ಕೆಲಸವೂ ಯಾರ ಕೆಲಸವೂ ಅಲ್ಲದಂತಾಗುತ್ತದೆ.

ಈಗ ಏಕೆ ಗಮನ ಕೊಡಬೇಕು

ಮುಂದಿನ ಮಾರ್ಗಗಳಿಗೆ ಒಪ್ಪಿಗೆ ದೊರೆತಿದೆ. 2025ರ ಜೂನ್‌ನಲ್ಲಿ ವನಾಜ್‌ನಿಂದ ಚಾಂದಣಿ ಚೌಕಕ್ಕೂ, ರಾಮವಾಡಿಯಿಂದ ವಾಘೋಲಿ ಕಡೆಗೂ ಸೇರಿ 12.75 ಕಿಲೋಮೀಟರ್, 13 ನಿಲ್ದಾಣಗಳಿಗೆ ಕೇಂದ್ರ ಸಂಪುಟ ಸಮ್ಮತಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಖಡಕವಾಸಲಾದಿಂದ ಸ್ವಾರಗೇಟ್, ಹಡಪಸರಗಳ ಮೂಲಕ ಖರಾಡಿಗೆ ಮತ್ತು ನಳ ಸ್ಟಾಪ್‌ನಿಂದ ವಾರಜೆ ಮೂಲಕ ಮಾಣಿಕಬಾಗಕ್ಕೆ ಸುಮಾರು 31.6 ಕಿಲೋಮೀಟರ್, 28 ನಿಲ್ದಾಣಗಳ ಮಾರ್ಗಗಳಿಗೆ 9,857 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಒಪ್ಪಿಗೆ ಸಿಕ್ಕಿತು. ಈ ಮಾರ್ಗಗಳಿಂದ ಸ್ವಾರಗೇಟ್, ನಳ ಸ್ಟಾಪ್, ಖರಾಡಿಗಳಲ್ಲಿ ಹೊಸ ಸಂಧಿಸ್ಥಾನಗಳು ಏರ್ಪಡಲಿವೆ. ಅಲ್ಲಿ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗಲು ಎರಡು ನಿಮಿಷವೋ ಹತ್ತು ನಿಮಿಷವೋ ಎಂಬುದು ನಕ್ಷೆಯ ಹಂತದಲ್ಲಿಯೇ ತೀರ್ಮಾನವಾಗುವ ವಿಷಯ.

ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ಪರಿಶೀಲಿಸುವುದು ಹಣ ಕೊಡುವ ಮೊದಲು. ಕೊಟ್ಟ ಮೇಲೆ ಪ್ರಶ್ನೆ ಕೇಳಿ ಫಲವಿಲ್ಲ. ಸಾರ್ವಜನಿಕ ಯೋಜನೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದಂತಾಗಬಾರದು. ಸಿಂಹಗಡ ರಸ್ತೆ, ವಾರಜೆ, ಬಾವಧನ, ಹಡಪಸರ, ಖರಾಡಿ ಕಡೆಗಳಲ್ಲಿ ವಾಸಿಸುವ ನಮ್ಮ ಸದಸ್ಯರು ತಮ್ಮ ಮನೆಗೆ ಹತ್ತಿರದ ನಿಲ್ದಾಣ ಎಲ್ಲಿ ಬರಲಿದೆ, ಅದರ ದ್ವಾರ ರಸ್ತೆಯ ಯಾವ ಬದಿಗೆ ತೆರೆಯಲಿದೆ, ವೃದ್ಧ ತಂದೆತಾಯಿಗಳು ಅಲ್ಲಿಗೆ ನಡೆದು ಹೋಗಬಲ್ಲರೇ ಎಂಬ ಮೂರು ಪ್ರಶ್ನೆಗಳನ್ನು ಈಗಲೇ ಕೇಳಿಕೊಳ್ಳುವುದು ಒಳಿತು. ಕೊರತೆ ಕಂಡರೆ ಗೃಹನಿರ್ಮಾಣ ಸೊಸೈಟಿಯ ಮೂಲಕ ಮಹಾಮೆಟ್ರೋಗೂ ಪಾಲಿಕೆಗೂ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಒಂದು ಪತ್ರ ಬರೆಯಬಹುದು. ಸಾತಾರಾ ರಸ್ತೆಯ ಜನರಿಗೆ ಮೂರು ನಿಲ್ದಾಣಗಳ ಬದಲು ಐದು ದೊರೆತದ್ದು ಇಂಥ ಕೇಳಿಕೆಯಿಂದಲೇ.